ಚಿಟಿಕೆ ಸೋಡಾದ ಹಿಂದಿನ ಕಥೆ

ಹುಳಿಮಜ್ಜಿಗೆಯಲ್ಲಿ ಕಲಸಿದ ಗೋಳಿಬಜೆ ಹಿಟ್ಟಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಜೆ ಉಬ್ಬಿ ಮೆತ್ತಗಾಗುತ್ತದೆ ಎಂಬುದು ಅಡುಗೆಮನೆ ಹೊಕ್ಕವರಿಗೆಲ್ಲ ಗೊತ್ತು. ಯಾಕೆ ಉಬ್ಬುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ‘ಸೋಡಿಯಂ ಬೈಕಾರ್ಬೊನೇಟ್’ ಎಂದು ಹೆಸರು ಹೇಳಿ ಕುಳಿತುಬಿಡುತ್ತಾರೆ.

ಹೆಸರಿನ ಒಳಗೆ ಇರುವುದು ಇಷ್ಟು: ಒಂದು ಪರಮಾಣು ಸೋಡಿಯಂ, ಒಂದು ಜಲಜನಕ, ಒಂದು ಇಂಗಾಲ, ಮೂರು ಆಮ್ಲಜನಕ. ತೂಕದ ಲೆಕ್ಕದಲ್ಲಿ 84 ಗ್ರಾಂ ಸೋಡಾದಲ್ಲಿ ಸೋಡಿಯಂ 23, ಜಲಜನಕ 1, ಇಂಗಾಲ 12, ಆಮ್ಲಜನಕ 48 ಗ್ರಾಂ. ಮಜ್ಜಿಗೆಯ ಹುಳಿ ತಾಗಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ ಹಿಟ್ಟನ್ನು ಉಬ್ಬಿಸುತ್ತದೆ. ಬರೀ ಸೋಡಾವನ್ನು ಕಾಯಿಸಿದರೂ ಅನಿಲ ಮತ್ತು ನೀರಿನ ಆವಿ ಹೊರಟು, ಬಟ್ಟೆ ಒಗೆಯುವ ಸೋಡಾದ ಒಣಪುಡಿ ಉಳಿಯುತ್ತದೆ. ಒಂದು ಒಲೆಯ ಬದಿಗೆ, ಇನ್ನೊಂದು ಬಾವಿಕಟ್ಟೆಗೆ ಸೇರಿದ ಅಕ್ಕತಂಗಿಯರು ಇವು.

ಸೋಡಾ ಹಿಂದೆಲ್ಲ ನೆಲದಿಂದ, ಗಿಡದಿಂದ ಸಿಗಬೇಕಿತ್ತು. ಈಜಿಪ್ಟಿನವರಿಗೆ ಬತ್ತಿದ ಸರೋವರಗಳ ನೇಟ್ರಾನ್ ಇತ್ತು. ಸ್ಪೇನಿನವರು ಕಡಲಂಚಿನ ಗಿಡಗಳನ್ನು ಸುಟ್ಟು ಬೂದಿ ಮಾಡುತ್ತಿದ್ದರು. ನಮ್ಮ ಅಗಸರು ಚೌಳುಮಣ್ಣು ಕೆರೆದು ತರುತ್ತಿದ್ದರು. ಗಾಜು, ಸಾಬೂನುಗಳ ಬೇಡಿಕೆ ಬೆಳೆದಾಗ ಇದು ಸಾಲದಾಯಿತು. ಅಡುಗೆ ಉಪ್ಪಿನಿಂದ ಸೋಡಾ ತೆಗೆಯುವವರಿಗೆ ಫ್ರಾನ್ಸಿನಲ್ಲಿ ಬಹುಮಾನ ಘೋಷಣೆಯಾಯಿತು.

ದಾರಿ ಕಂಡುಹಿಡಿದವನು ವೈದ್ಯ ನಿಕೊಲಾ ಲೆಬ್ಲಾಂಕ್. ಉಪ್ಪಿಗೆ ಗಂಧಕಾಮ್ಲ ಸೇರಿಸಿ, ಬಂದದ್ದನ್ನು ಸುಣ್ಣಕಲ್ಲು, ಇದ್ದಿಲಿನೊಂದಿಗೆ ಸುಡುವುದು ಅವನ ವಿಧಾನ. 1791ರಲ್ಲಿ ಹಕ್ಕುಪತ್ರ ದೊರೆಯಿತು. ಹಣ ಹಾಕಿದವನು ಆರ್ಲಿಯನ್ಸಿನ ಡ್ಯೂಕ್. ಆದರೆ ಮಹಾಕ್ರಾಂತಿಯಲ್ಲಿ, 1793ರಲ್ಲಿ, ಡ್ಯೂಕನ ತಲೆ ಉರುಳಿತು, ಕಾರ್ಖಾನೆ ಮುಟ್ಟುಗೋಲಾಯಿತು, ವಿಧಾನದ ಗುಟ್ಟು ಎಲ್ಲರ ಸೊತ್ತಾಯಿತು. ಬಹುಮಾನ ಬರಲೇ ಇಲ್ಲ. ಬರಿಗೈಯಾದ ಲೆಬ್ಲಾಂಕ್ 1806ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಅವನ ವಿಧಾನದಿಂದ ಇತರರು ಶ್ರೀಮಂತರಾದರು. ಶ್ರೇಯ ಅವನದೇ ಎಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಒಪ್ಪಿದ್ದು 1856ರಲ್ಲಿ, ಅವನು ಸತ್ತು ಐವತ್ತು ವರ್ಷಗಳಾದ ಮೇಲೆ!

ಅವನ ವಿಧಾನಕ್ಕೂ ದೋಷವಿತ್ತು. ಅದರಿಂದ ಹೊರಡುವ ಆಮ್ಲದ ಹೊಗೆ ಸುತ್ತಲಿನ ಮರಗಿಡಗಳನ್ನು ಸುಡುತ್ತಿತ್ತು. ಅದನ್ನು ತಡೆಯಲು ಇಂಗ್ಲೆಂಡಿನಲ್ಲಿ 1863ರಲ್ಲಿ ಕಾನೂನನ್ನೇ ತರಬೇಕಾಯಿತು. ಅಷ್ಟರಲ್ಲಿ, 1861ರಲ್ಲಿ, ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆ ಬೇರೆ ದಾರಿ ಹಿಡಿದಿದ್ದ. ಉಪ್ಪುನೀರಿಗೆ ಅಮೋನಿಯ ಬೆರೆಸಿ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಮೊದಲು ತಳಕ್ಕೆ ಇಳಿಯುವುದು ನಮ್ಮ ಅಡುಗೆ ಸೋಡಾವೇ. ಅದನ್ನು ಕಾಯಿಸಿದರೆ ಬಟ್ಟೆಸೋಡಾ. ಗುಜರಾತಿನ ಮೀಠಾಪುರದಲ್ಲಿ 1939ರಲ್ಲಿ ಹುಟ್ಟಿದ ಟಾಟಾ ಕೆಮಿಕಲ್ಸ್ ಹಿಡಿದದ್ದೂ ಇದೇ ದಾರಿಯನ್ನು.

ಸೂತ್ರ ಬರೆಸುವಾಗ ಲೆಬ್ಲಾಂಕನ ಕಥೆಗೆ ನಾನು ಎರಡು ನಿಮಿಷ ಮೀಸಲಿಡುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ. ಆದರೂ ಬದುಕಿದ್ದಾಗ ಸಲ್ಲದ ಗೌರವ ಅಷ್ಟಾದರೂ ಸಲ್ಲಲಿ ಎಂದು ನನ್ನ ಆಸೆ.