ರ‍್ಯಾಂಕಿಗಿಂತ ಹಳೆಯದು ಪಟ್ಟಿ

ಸಿಇಟಿ ಫಲಿತಾಂಶ ಬಂದ ದಿನಗಳಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಯಿಂದ ಹಿಡಿದು ಬೈಲಹೊಂಗಲ, ಕಿತ್ತೂರಿನವರೆಗೆ ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ಮನೆಗಳಲ್ಲಿ ಹೋದ ವರ್ಷದ ಕಟ್‌ಆಫ್ ಪಟ್ಟಿಯದೇ ಮಾತು. ಒಂದೇ ಕಾಲೇಜು, ಒಂದೇ ಕೋರ್ಸು. ಆದರೂ ಜಿಎಂ (ಸಾಮಾನ್ಯ ಅರ್ಹತೆ), 2ಎಜಿ, 3ಬಿಆರ್ ಎಂಬ ಒಂದೊಂದು ಪ್ರವರ್ಗದ ಕಾಲಮ್ಮಿನಲ್ಲೂ ಕೊನೆಯ ರ‍್ಯಾಂಕ್ ಬೇರೆ. ಇದನ್ನು ನೋಡಿದವರು ರ‍್ಯಾಂಕೇ ಮೂಲ ನಿಯಮ, ಪ್ರವರ್ಗ ಆಮೇಲೆ ಅದರೊಳಗೆ ಸೇರಿಕೊಂಡ ವಿನಾಯಿತಿ ಎಂದುಕೊಳ್ಳುವುದು ರೂಢಿ. ಈ ಭಾಗದ ಚರಿತ್ರೆ ಹೇಳುವುದು ಬೇರೆ. ಪ್ರವರ್ಗಗಳ ಪಟ್ಟಿ ರ‍್ಯಾಂಕಿಗಿಂತ ಹಳೆಯದು. ರ‍್ಯಾಂಕ್ ಹುಟ್ಟಿದ್ದು ಮೀಸಲಾತಿಯನ್ನು ತಡೆಯಲು ಅಲ್ಲ, ದುಡ್ಡನ್ನು ತಡೆಯಲು.

ಶಾಸನಗಳಲ್ಲಿ ಪೂಲಿ ಎಂದು ಬರುವ ಹೂಲಿ ಚಾಲುಕ್ಯರ ಕಾಲದ ಹೆಸರಾಂತ ಅಗ್ರಹಾರ. ಅಲ್ಲಿನ ಸಾಸಿರ ಮಹಾಜನರನ್ನು ಶಾಸನಗಳು ಕೊಂಡಾಡುತ್ತವೆ. ಅಗ್ರಹಾರದ ವಿದ್ಯೆಗೆ ದತ್ತಿಭೂಮಿಯ ಆಸರೆ ಇತ್ತು, ಆದರೆ ಅದರ ಬಾಗಿಲು ತೆರೆಯುತ್ತಿದ್ದುದು ಹುಟ್ಟಿನಿಂದ. ಆ ಬಾಗಿಲಿನ ಹೊರಗಿದ್ದವರು ತಮ್ಮ ದಾರಿ ತಾವೇ ಮಾಡಿಕೊಳ್ಳಲು ಶತಮಾನಗಳೇ ಹಿಡಿದವು. ಇದೇ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದರು. ಆಸ್ತಿಯಾಗಲಿ ಸಂಘಟನೆಯಾಗಲಿ ಇಲ್ಲದ ಸಮುದಾಯಗಳಿಗೆ ಸರ್ಕಾರವೇ ದಿಕ್ಕು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಹೂಲಿ ಆಗ ಇದ್ದ ಮುಂಬಯಿ ಪ್ರಾಂತ್ಯದಲ್ಲಿ, ಅಂಬೇಡ್ಕರ್ ಅವರೂ ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿ 1930ರಲ್ಲಿ ದಲಿತ ವರ್ಗ, ಬುಡಕಟ್ಟು, ಇತರ ಹಿಂದುಳಿದ ವರ್ಗ ಎಂಬ ಮೂರು ಭಾಗಗಳನ್ನು ಗುರುತಿಸಿತು. ಇವೆಲ್ಲ ಹೆಚ್ಚಾಗಿ ನೌಕರಿ ಮತ್ತು ಸವಲತ್ತಿನ ಮಾತು, ಕಾಲೇಜು ಸೀಟಿನದಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನಿಜ. ಆದರೆ ಸೀಟಿನ ಪ್ರಶ್ನೆ ಬಂದಾಗ ಸರ್ಕಾರಗಳು ಹೊಸದಾಗಿ ಯೋಚಿಸಲಿಲ್ಲ. ಇಂಥ ವಿಂಗಡಣೆಯನ್ನೇ ತಂದು ಕಾಲೇಜಿಗೆ ಅನ್ವಯಿಸಿದವು.

ಹಾಗೆ ಅನ್ವಯಿಸಿದ್ದು ಏಕೀಕರಣದ ನಂತರ. ಮೈಸೂರು ಸರ್ಕಾರ 1958ರಲ್ಲಿ ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲರೂ ಹಿಂದುಳಿದವರೆಂದು ಆದೇಶಿಸಿ ಶೇ 75ರಷ್ಟು ಸೀಟು ಮೀಸಲಿಟ್ಟಿತು. ಅದು ಹೈಕೋರ್ಟಿನಲ್ಲಿ ಬಿದ್ದ ಮೇಲೆ ನಾಗನಗೌಡ ಸಮಿತಿ ಬಂತು. ಒಂದು ಸಮುದಾಯದ ಸಾವಿರ ಜನರಿಗೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿದ್ದಾರೆ ಎಂಬುದು ಅದರ ಅಳತೆಗೋಲು. ರಾಜ್ಯದ ಸರಾಸರಿ 6.9, ಲಿಂಗಾಯತರದು 7.1. ಲೆಕ್ಕವನ್ನು 7ಕ್ಕೆ ದುಂಡು ಮಾಡಿದ್ದರಿಂದ ಲಿಂಗಾಯತರು ಹಿಂದುಳಿದವರ ಪಟ್ಟಿಗೆ ಸೇರಿದರು. 1962ರಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳ ಮೀಸಲಾತಿ ಶೇ 68ಕ್ಕೆ ಮುಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಅರ್ಧದೊಳಗೇ ಇರಬೇಕು, ಸರಾಸರಿಗಿಂತ ಬಹಳ ಕೆಳಗಿರುವವರಷ್ಟೇ ಹಿಂದುಳಿದವರು ಎಂದಿತು. ಮೀಸಲಾತಿಯನ್ನು ಬಲಾಢ್ಯರೇ ಉಣ್ಣುತ್ತಾರೆ ಎಂಬ ದೂರಿಗೆ ಈ ದುಂಡು ಮಾಡಿದ ಲೆಕ್ಕಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ಆ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಸಾಕ್ಷಿ ಹೇಳುವುದು ಅಂಕಿಯನ್ನು ಅಧಿಕಾರ ಬಗ್ಗಿಸಿದ ಕಥೆ. ಅದನ್ನು ಸರಿಪಡಿಸಲು ಇನ್ನೂ ಖಚಿತವಾದ ಪಟ್ಟಿ ಬೇಕು. ಪಟ್ಟಿಯನ್ನೇ ಹರಿದು ಹಾಕುವುದು ಪರಿಹಾರವಲ್ಲ. 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರ ಆಯೋಗ ಲಿಂಗಾಯತರನ್ನು ಪಟ್ಟಿಯಿಂದ ಕೈಬಿಟ್ಟು ಎಷ್ಟು ಸಿಟ್ಟಿಗೆ ಗುರಿಯಾಯಿತು ಎಂಬುದು ಉತ್ತರ ಕರ್ನಾಟಕಕ್ಕೆ ಗೊತ್ತಿರುವುದೇ.

ರ‍್ಯಾಂಕ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಮೊದಲೂ ಅಂಕಗಳ ಮೇಲೇ ಸೀಟು ಸಿಗುತ್ತಿತ್ತಲ್ಲ ಎನ್ನಬಹುದು. ಸಿಗುತ್ತಿತ್ತು, ಆದರೆ ಅಂಕದ ಜೊತೆ ಸಂದರ್ಶನವಿತ್ತು. ಸಂದರ್ಶನದ ಅಂಕ ಸೇರಿಸುವುದನ್ನು 1964ರ ಚಿತ್ರಲೇಖಾ ತೀರ್ಪು ಎತ್ತಿಹಿಡಿದಿತ್ತು. ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಡೊನೇಷನ್ ಬಂತು. ಅದನ್ನು ನಿಷೇಧಿಸಲು ರಾಜ್ಯ 1984ರಲ್ಲಿ ಕಾಯ್ದೆ ಮಾಡಿತು. ಆದರೂ ತುಮಕೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60,000 ರೂಪಾಯಿ ಇತ್ತು. 1992ರ ಮೋಹಿನಿ ಜೈನ್ ಪ್ರಕರಣ ಎದ್ದದ್ದೇ ಇದರಿಂದ. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಅರ್ಧ ಸೀಟುಗಳನ್ನು ಉಚಿತ ಸೀಟುಗಳಾಗಿಸಿ, ಎಲ್ಲವನ್ನೂ ಅರ್ಹತೆಯ ಮೇಲೆ ತುಂಬಬೇಕೆಂದಿತು. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಘಟಕ ಆರಂಭವಾಯಿತು. ಸೀಟನ್ನು ಥೈಲಿಯ ಕೈಯಿಂದ, ಶಿಫಾರಸಿನ ಕೈಯಿಂದ ಬಿಡಿಸಿ ಎಲ್ಲರಿಗೂ ಕಾಣುವ ನಿಯಮಕ್ಕೆ ಒಪ್ಪಿಸುವುದು ಪಟ್ಟಿಯ ಗುರಿಯಾಗಿತ್ತು, ರ‍್ಯಾಂಕಿನ ಗುರಿಯೂ ಅದೇ.

ಇನ್ನು ಉಳಿಯುವುದು ಬಲವಾದ ಆಕ್ಷೇಪ: ಉತ್ತಮ ರ‍್ಯಾಂಕ್ ಪಡೆದವನ ಸೀಟು ಅವನಿಗಿಂತ ಕೆಳಗಿನವನಿಗೆ ಹೋಗುವುದು ನ್ಯಾಯವೇ? ನಿಯಮವನ್ನು ಸರಿಯಾಗಿ ನೋಡಬೇಕು. 2ಎ ವಿದ್ಯಾರ್ಥಿಗೂ ಮೊದಲು ಜಿಎಂ ಸೀಟಿನಲ್ಲೇ ಹುಡುಕುತ್ತಾರೆ, ಅದು ಮುಗಿದಿದ್ದರೆ ಮಾತ್ರ ಪ್ರವರ್ಗದ ಸೀಟು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಿಯುಸಿಯ ಅಂಕ, ಅರ್ಧ ಸಿಇಟಿಯದು. ಎರಡರ ಹಿಂದೆಯೂ ಧಾರವಾಡದ ಕೋಚಿಂಗ್ ಶುಲ್ಕ ಕಟ್ಟಬಲ್ಲ ಮನೆ, ಕಟ್ಟಲಾಗದ ಮನೆಯ ಅಂತರ ಇದ್ದೇ ಇದೆ. ಹೂಲಿಯ ಕನ್ನಡ ಶಾಲೆಯಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಓದಿದವರಿಗೆ ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5 ಎಂಬ ಒಳಮೀಸಲಾತಿ ಜಿಎಂ ಸೀಟುಗಳಲ್ಲೂ ಇದೆ ಎಂಬುದನ್ನು ಮರೆತು ಮಾತಾಡುವುದು ಸರಿಯಲ್ಲ. ಈಗ ಇದೇ ನಾಡಿನಲ್ಲಿ ಲಿಂಗಾಯತರೊಳಗಿನ ಪಂಚಮಸಾಲಿಗಳು ಶೇ 5ರ 3ಬಿಯಿಂದ ಶೇ 15ರ 2ಎಗೆ ಹೋಗಬೇಕೆಂದು ಕೇಳುತ್ತಿದ್ದಾರೆ. 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು, 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದ ಬಳಿ ಪೊಲೀಸರು ಲಾಠಿ ಬೀಸಿದರು. ಒಣಬೇಸಾಯದ ಬಡ ಕುಟುಂಬಗಳ ಸಂಕಟ ಅದರಲ್ಲಿದೆ, ಅದನ್ನು ಕಡೆಗಣಿಸಬಾರದು. 2ಎಯಲ್ಲಿ ಈಗಾಗಲೇ ನೂರಕ್ಕೂ ಹೆಚ್ಚು ಜಾತಿಗಳಿವೆ, ಅವುಗಳಲ್ಲಿ ಸಣ್ಣಪುಟ್ಟವುಗಳ ಪರವಾಗಿ ಅಷ್ಟು ದೊಡ್ಡ ಪಾದಯಾತ್ರೆ ಕಟ್ಟುವವರಿಲ್ಲ. ಈ ಬೇಡಿಕೆ ತೀರ್ಮಾನವಾಗಬೇಕಾದದ್ದು ಎಷ್ಟು ಮಕ್ಕಳು ಹೈಸ್ಕೂಲು ದಾಟಿ ಕಾಲೇಜಿಗೆ ಹೋಗುತ್ತಿದ್ದಾರೆ ಎಂಬ ಲೆಕ್ಕದ ಮೇಲೆ, ಈ ಸಲ 6.9ನ್ನು 7 ಎಂದು ಬರೆಯದೆ.