ತೂಕ, ಆಹಾರ ಮತ್ತು ಕ್ಷಯರೋಗಿಯ ಉಳಿವು: 1961ರ ಮದ್ರಾಸ್ ತೀರ್ಮಾನದ ಮರುಪರಿಶೀಲನೆ

ಮದ್ರಾಸಿನ ಕ್ಷಯರೋಗ ಕೀಮೋಥೆರಪಿ ಕೇಂದ್ರದ ಸಿ.ವಿ. ರಾಮಕೃಷ್ಣನ್, ವಾಲೇಸ್ ಫಾಕ್ಸ್ ಮತ್ತು ಸಹಲೇಖಕರು 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಣಾಮಕಾರಿ ಔಷಧ ಸಿಗುವ ರೋಗಿಯಲ್ಲಿ ರೋಗ ಶಮನವಾಗುವುದಕ್ಕೆ ಆಹಾರದ ಗುಣಮಟ್ಟ ನಿರ್ಣಾಯಕವಲ್ಲ ಎಂಬುದು ಅದರ ತೀರ್ಮಾನ. ಸ್ಯಾನಟೋರಿಯಂನಲ್ಲಿ ಹಾಲು, ಮೊಟ್ಟೆ, ವಿಶ್ರಾಂತಿ ಪಡೆದವರಿಗೂ ಮನೆಯಲ್ಲಿದ್ದು ಸಿಕ್ಕಿದ್ದನ್ನು ಉಂಡು ಔಷಧ ಸೇವಿಸಿದವರಿಗೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಡ ದೇಶಗಳಲ್ಲಿ ಮನೆ ಚಿಕಿತ್ಸೆಗೆ ದಾರಿ ತೆರೆದದ್ದು ಈ ಪ್ರಯೋಗ. ಅದರ ಉಪಕಾರ ಸಣ್ಣದಲ್ಲ. ಆದರೆ ಅದು ಕೇಳದ ಪ್ರಶ್ನೆಗೂ ಅದರಿಂದಲೇ ಉತ್ತರ ಪಡೆದುಕೊಳ್ಳಲಾಯಿತು ಎಂಬುದು ಈ ಲೇಖನದ ತಕರಾರು.

ಮದ್ರಾಸಿನಲ್ಲಿ ಅಳೆದದ್ದು ಕಫದಲ್ಲಿ ರೋಗಾಣು ಕಾಣದಾಗುವುದನ್ನು ಮತ್ತು ಕ್ಷ-ಕಿರಣ ಚಿತ್ರದ ಸುಧಾರಣೆಯನ್ನು. ರೋಗಿ ಬದುಕಿ ಉಳಿಯುವುದು ಬೇರೆಯೇ ಪ್ರಶ್ನೆ. ಇನ್ನೂರರ ಒಳಗಿನ ರೋಗಿಗಳ ಪ್ರಯೋಗ ಅದನ್ನು ತೀರ್ಮಾನಿಸಲಾರದು. ಇನ್ನೊಂದು ಅಂಶವನ್ನು ಓದುಗರು ಸಾಮಾನ್ಯವಾಗಿ ಗಮನಿಸಿಲ್ಲ. ಮನೆಯಲ್ಲಿದ್ದವರ ತೂಕವೂ ಏರಿತ್ತು, ಸ್ಯಾನಟೋರಿಯಂನವರಷ್ಟು ಅಲ್ಲ ಅಷ್ಟೇ. ಅಂದರೆ ಅಲ್ಲಿ ಹೋಲಿಸಿದ್ದು ಸಾಧಾರಣ ಊಟವನ್ನು ಒಳ್ಳೆಯ ಊಟದೊಂದಿಗೆ. ಹಸಿವನ್ನು ಊಟದೊಂದಿಗೆ ಹೋಲಿಸಲಿಲ್ಲ.

ಅಪೌಷ್ಟಿಕತೆ ಇದ್ದವರಲ್ಲಿ ಕ್ಷಯದ ಸಾವು ಹೆಚ್ಚು ಎಂಬ ಬಗ್ಗೆ ಈಗ ವಿವಾದವಿಲ್ಲ. ಛತ್ತೀಸ್‌ಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ್ ಚಿಕಿತ್ಸೆ ನೀಡಿದ ರೋಗಿಗಳ 2013ರ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ವಿವಾದ ಇರುವುದು ಮುಂದಿನ ಹೆಜ್ಜೆಯಲ್ಲಿ: ಆಹಾರ ಕೊಟ್ಟರೆ ಸಾವು ತಗ್ಗುತ್ತದೆಯೇ? ಪೂರಕ ಪೋಷಣೆಯ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ವಿಮರ್ಶೆ, ಹಾಗೆ ಹೇಳಲು ಪುರಾವೆ ಸಾಲದು ಎಂದಿತು.

ಹೊಸ ಪುರಾವೆ ಬಂದದ್ದು ಝಾರ್ಖಂಡದಿಂದ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ನಡೆಸಿದ 'ರೇಷನ್ಸ್' ಪ್ರಯೋಗದ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು. ಶ್ವಾಸಕೋಶದ ಕ್ಷಯವಿದ್ದ 2800 ರೋಗಿಗಳಿಗೆ ಆರು ತಿಂಗಳು ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆಯ ಕಿಟ್ ಕೊಡಲಾಯಿತು. ದಿನಕ್ಕೆ 1200 ಕಿಲೋಕ್ಯಾಲರಿ, 52 ಗ್ರಾಂ ಪ್ರೋಟೀನ್. ನೋಂದಣಿಯ ವೇಳೆ ಗಂಡಸರ ತೂಕ ಸುಮಾರು 42.6 ಕಿಲೋ, ಹೆಂಗಸರದು 36.1. ಸುಮಾರು ಅರ್ಧದಷ್ಟು ರೋಗಿಗಳ ಬಿ.ಎಂ.ಐ. 16ಕ್ಕಿಂತ ಕೆಳಗಿತ್ತು. ಚಿಕಿತ್ಸಾವಧಿಯಲ್ಲಿ 108 ಮಂದಿ ತೀರಿಕೊಂಡರು. ಎರಡನೆಯ ತಿಂಗಳಿಗೆ ಮೂಲ ತೂಕದ ಶೇ. 5ರಷ್ಟು ಗಳಿಸಿದವರಲ್ಲಿ ಸಾವಿನ ಅಪಾಯದ ಅನುಪಾತ 0.39 (ಶೇ. 95ರ ವಿಶ್ವಾಸಾಂತರ 0.18–0.86). 36 ಕಿಲೋ ತೂಗುವ ಹೆಂಗಸಿಗೆ ಈ ಶೇ. 5 ಎಂದರೆ ಎರಡು ಕಿಲೋಗಿಂತ ಕಡಿಮೆ.

ಈ 0.39 ಅನ್ನು 'ಆಹಾರ ಸಾವನ್ನು ಶೇ. 61ರಷ್ಟು ತಗ್ಗಿಸುತ್ತದೆ' ಎಂದು ಓದುವ ಆತುರ ಎಲ್ಲೆಡೆ ಕಾಣುತ್ತದೆ. ಅದು ತಪ್ಪು. ಮೊದಲನೆಯದಾಗಿ, ರೋಗಿಗಳೆಲ್ಲರಿಗೂ ಕಿಟ್ ಸಿಕ್ಕಿದೆ. ಕಿಟ್ ಇಲ್ಲದ ರೋಗಿಗಳ ಗುಂಪು ಇಲ್ಲ, ನೈತಿಕವಾಗಿ ಇರಲೂ ಬಾರದು. ಎರಡನೆಯದಾಗಿ, ಔಷಧಕ್ಕೆ ಬೇಗ ಸ್ಪಂದಿಸಿದವನಿಗೆ ಜ್ವರ ಇಳಿಯುತ್ತದೆ, ಬಾಯಿಗೆ ರುಚಿ ಬರುತ್ತದೆ, ತೂಕ ಏರುತ್ತದೆ, ಬದುಕುವವನೂ ಅವನೇ. ಆಗ ತೂಕ ಚೇತರಿಕೆಯ ಗುರುತೇ ಹೊರತು ಕಾರಣವಲ್ಲ. ಮೂರನೆಯದಾಗಿ, ಎರಡನೆಯ ತಿಂಗಳ ತೂಕ ಲೆಕ್ಕಕ್ಕೆ ಸಿಕ್ಕಿದ್ದು 2676 ಮಂದಿಯದು. ಅದಕ್ಕೂ ಮೊದಲೇ ತೀರಿಕೊಂಡವರು, ಅಂದರೆ ಎಲ್ಲರಿಗಿಂತ ಬಡಕಲಾಗಿ ಬಂದಿರಬಹುದಾದವರು, ಈ ಹೋಲಿಕೆಗೆ ಸೇರುವಂತೆಯೇ ಇಲ್ಲ.

ಇಷ್ಟನ್ನು ಒಪ್ಪಿಯೂ ಒಂದು ವಾದ ಮುಂದಿಡಬಹುದು ಎಂದು ನನಗೆ ಅನ್ನಿಸುತ್ತದೆ. ತೂಕ ಬರೀ ಗುರುತು ಎಂಬ ವಾದ ಒಂದು ಊಹೆಯ ಮೇಲೆ ನಿಂತಿದೆ: ಸೊರಗುವಿಕೆ ರೋಗದ ಫಲ, ರೋಗದ ಗತಿಯನ್ನು ಅದು ತಿರುಗಿಸಲಾರದು. ಈ ಊಹೆಯನ್ನು ಅದೇ ಪ್ರಯೋಗದ ಇನ್ನೊಂದು ಭಾಗ ಅಲುಗಾಡಿಸುತ್ತದೆ. ರೋಗಿಗಳ ಮನೆಯ 10,345 ಸದಸ್ಯರ ವಿಷಯದಲ್ಲಿ ಆಹಾರ ಹಂಚಿಕೆ ಯಾದೃಚ್ಛಿಕವಾಗಿಯೇ ನಡೆದಿತ್ತು. ಒಂದು ಗುಂಪಿನ ಮನೆಯವರಿಗೆ ಕಿಟ್, ಇನ್ನೊಂದಕ್ಕೆ ಇಲ್ಲ. ಕಿಟ್ ಪಡೆದವರಲ್ಲಿ ಎಲ್ಲ ಬಗೆಯ ಕ್ಷಯ ಶೇ. 39ರಷ್ಟು, ಪ್ರಯೋಗಾಲಯದಲ್ಲಿ ದೃಢಪಟ್ಟ ಕ್ಷಯ ಶೇ. 48ರಷ್ಟು ತಗ್ಗಿತು. ಅವರು ಕ್ಷಯದ ಚಿಕಿತ್ಸೆಯಲ್ಲಿ ಇರಲಿಲ್ಲ, ಆದ್ದರಿಂದ 'ಔಷಧ ತಾಗಿತು, ತೂಕ ಏರಿತು' ಎಂಬ ಸಮಜಾಯಿಷಿ ಇಲ್ಲಿ ನಡೆಯದು. ರೋಗಾಣುವಿನೊಂದಿಗೆ ದೇಹದ ಹೋರಾಟವನ್ನು ಆಹಾರ ಬದಲಿಸುತ್ತದೆ ಎಂದಾಯಿತು. ಹಾಗಿದ್ದಮೇಲೆ ರೋಗ ಬಿದ್ದ ಮಾರನೆಯ ದಿನದಿಂದ ಆ ಶಕ್ತಿ ಇಲ್ಲವಾಗುತ್ತದೆ ಎಂದು ನಂಬಲು ಕಾರಣ ಬೇಕು. ಬಿ.ಎಂ.ಐ. 14ಕ್ಕೆ ಇಳಿದವರಲ್ಲಿ ವಪೆಯೂ ಸೇರಿದಂತೆ ಉಸಿರಾಟದ ಸ್ನಾಯುಗಳು ಕರಗಿರುತ್ತವೆ, ಕೆಮ್ಮಿ ಕಫ ಹೊರಹಾಕುವ ಬಲವೂ ಕುಂದಿರುತ್ತದೆ. ಆದ್ದರಿಂದ 0.39ರ ಒಂದು ಪಾಲಾದರೂ ಆಹಾರದ್ದೇ ಇರಬೇಕು ಎನ್ನುತ್ತೇನೆ. ಎಷ್ಟು ಪಾಲು ಎಂದು ಈ ದತ್ತಾಂಶ ಹೇಳದು. ಆರೋಗ್ಯವಂತರಲ್ಲಿ ರೋಗ ತಡೆಯುವುದಕ್ಕೂ ಹಾಸಿಗೆ ಹಿಡಿದವರನ್ನು ಉಳಿಸುವುದಕ್ಕೂ ನಡುವೆ ನಾನು ದಾಟಿದ ಅಂತರವನ್ನು ಓದುಗರು ಅನುಮಾನದಿಂದಲೇ ನೋಡಬೇಕು.

ಈ ವಾದವನ್ನು ಎಲ್ಲ ತೀವ್ರ ಸೋಂಕುಗಳಿಗೂ ಹಿಗ್ಗಿಸುವಂತಿಲ್ಲ. ಫ್ರಾನ್ಸಿನ ನ್ಯೂಟ್ರಿರಿಯಾ-3 ಪ್ರಯೋಗದಲ್ಲಿ (2023) ವೆಂಟಿಲೇಟರ್ ಮೇಲಿದ್ದ, ಷಾಕ್‌ಗೆ ಒಳಗಾದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಮೊದಲ ವಾರ ಹೆಚ್ಚು ಕ್ಯಾಲರಿ, ಪ್ರೋಟೀನ್ ಕೊಟ್ಟದ್ದರಿಂದ 90 ದಿನಗಳ ಮರಣ ಪ್ರಮಾಣ ತಗ್ಗಲಿಲ್ಲ. ಕಡಿಮೆ ಕೊಟ್ಟವರಿಗೆ ಕರುಳಿನ ತೊಂದರೆಗಳು ಕಡಿಮೆಯಾದವು. ಅಲ್ಲಿ ದೇಹ ಕೆಲವೇ ದಿನಗಳಲ್ಲಿ ಕುಸಿದಿರುತ್ತದೆ. ಕ್ಷಯದಲ್ಲಿ ತಿಂಗಳುಗಟ್ಟಲೆ ಸವೆದಿರುತ್ತದೆ. ಕ್ಷಯದಲ್ಲೂ ತೀರ ಬಡಕಲಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯವಾದೀತು.

ವಾದ ಸರಿಯಿದ್ದರೆ ಆಹಾರ ಮೊದಲ ವಾರಗಳಲ್ಲೇ ಕೈಸೇರಬೇಕು. 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಗಿ 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿದ, ಕ್ಷಯರೋಗಿಗಳ ಪೋಷಣೆಗೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ನೆರವು ತಡವಾಗಿ ಖಾತೆಗೆ ಬಂದರೆ, ಮೊತ್ತ ಎಷ್ಟೇ ಇದ್ದರೂ ಈ ಅವಧಿ ಕಳೆದಿರುತ್ತದೆ. ತಮಿಳುನಾಡು 2022ರಲ್ಲಿ ಆರಂಭಿಸಿದ ಕ್ರಮ ಇದಕ್ಕಿಂತ ಮುಂದಿದೆ: ರೋಗ ಪತ್ತೆಯಾದ ಕೂಡಲೇ ಬಿ.ಎಂ.ಐ., ಉಸಿರಾಟದ ವೇಗ, ಆಮ್ಲಜನಕದ ಮಟ್ಟ ನೋಡಿ, ಆಧಾರವಿಲ್ಲದೆ ನಿಲ್ಲಬಲ್ಲರೇ ಎಂದು ಪರೀಕ್ಷಿಸಿ, ತೀವ್ರ ಸ್ಥಿತಿಯಲ್ಲಿ ಇರುವವರನ್ನು ಆಸ್ಪತ್ರೆಗೆ ಸೇರಿಸಲಾಗುತ್ತದೆ.

ಕಿಟ್‌ನಲ್ಲಿ ರೋಗಿಯ ಹೊಟ್ಟೆ ಸೇರಿದ್ದು ಎಷ್ಟು, ಮನೆಮಂದಿಗೆ ಹಂಚಿಹೋದದ್ದು ಎಷ್ಟು ಎಂಬುದು ಬಗೆಹರಿಯಬೇಕಾದ ಪ್ರಶ್ನೆ. ಮನೆಯವರಿಗೂ ಕಿಟ್ ಸಿಕ್ಕ ಗುಂಪಿನ ರೋಗಿಗಳನ್ನು ಸಿಗದ ಗುಂಪಿನವರೊಂದಿಗೆ ಹೋಲಿಸಿದರೆ ಇದರ ಸುಳಿವು ಸಿಗಬಹುದು. ಆದರೆ 108 ಸಾವುಗಳನ್ನು ಎರಡಾಗಿ ಒಡೆದರೆ ಸಣ್ಣ ವ್ಯತ್ಯಾಸವನ್ನು ಹಿಡಿಯುವಷ್ಟು ಸಂಖ್ಯೆ ಉಳಿಯುವುದಿಲ್ಲ. ಆಹಾರ ಯಾವ ವಾರ ರೋಗಿಯ ಕೈಸೇರಿತು ಎಂಬುದನ್ನೇ ಅಳೆಯುವ, ಹೆಚ್ಚು ರೋಗಿಗಳಿರುವ ಅಧ್ಯಯನ ಇದಕ್ಕೆ ಬೇಕು.