ಪಾಚಿಗಟ್ಟಿದ ಮೆಟ್ಟಿಲು ಮತ್ತು ಅಮ್ಮನ ಹಾವಸೆ

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನಡೆದದ್ದು. ಬಾವಿಯ ಕಡೆ ಹೊರಟಿದ್ದ ನನ್ನ ಮಗನಿಗೆ ಅಮ್ಮ ಜಗಲಿಯಿಂದಲೇ ಕೂಗಿದರು, "ಅಲ್ಲಿ ಹಾವಸೆ ಉಂಟು ಮಾರಾಯ, ನಿಧಾನ!" ಅವನಿಗೆ ಕೇಳಿಸಿದ್ದು 'ಹಾವು' ಮಾತ್ರ. ಹೆದರಿ ಓಡಿದ, ಜಾರಿ ಬಿದ್ದ. ಮುಂಗೈಗೆ ಆರು ವಾರ ಪ್ಲಾಸ್ಟರ್!

"ಪಾಚಿಗಟ್ಟಿದ ಮೆಟ್ಟಿಲು ಅಂತ ಹೇಳಬಾರದಿತ್ತಾ ಅಜ್ಜೀ?" ಅಂತ ಅಳುತ್ತಲೇ ಕೇಳಿದ. ಅಮ್ಮನ ಮುಖ ಸಪ್ಪಗಾಯಿತು. ಆ ರಾತ್ರಿ ಎರಡೂ ಪದಗಳು ನನ್ನ ತಲೆಯಲ್ಲಿ ಸುತ್ತುತ್ತಿದ್ದವು.

ಮೊದಲು 'ಪಾಚಿಗಟ್ಟಿದ' ನೋಡೋಣ. ಪಾಚಿ + ಕಟ್ಟಿದ. ಸೇರುವಾಗ ಕಕಾರ ಗಕಾರವಾಗುತ್ತದೆ, ಮಳೆ + ಕಾಲ 'ಮಳೆಗಾಲ' ಆದ ಹಾಗೆ. ಶಾಲೆಯಲ್ಲಿ ಉರು ಹೊಡೆದ ಅದೇ ಆದೇಶ ಸಂಧಿ! 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಕ-ತ-ಪ, ಗ-ದ-ಬ ಬದಲಾವಣೆಯನ್ನು ಹೇಳಿದ್ದಾನೆ. ಇನ್ನು ಇಲ್ಲಿನ 'ಕಟ್ಟು' ಹಗ್ಗದಿಂದ ಕಟ್ಟುವುದಲ್ಲ. ಕೆನೆಗಟ್ಟು, ಹೆಪ್ಪುಗಟ್ಟು, ಮಡುಗಟ್ಟು... ಯಾರೂ ಕಟ್ಟದೆ ತಾನಾಗಿಯೇ ಕೂಡಿಕೊಳ್ಳುವುದು. ಓಡಾಟ ನಿಂತ ಕಡೆ, ಕದಡದೆ ಬಿಟ್ಟ ಕಡೆ ಇದು ಸುಲಭ. ನಮ್ಮ ಬಾವಿಗೂ ಪಂಪು ಬಂದ ಮೇಲೆ ಮೆಟ್ಟಿಲು ಉಜ್ಜುವವರಿಲ್ಲ.

'ಪಾಚಿ'ಯ ಬೇರು ಇನ್ನೂ ಹಳೆಯದು. ತಮಿಳಿನಲ್ಲಿ ಪಾಸಿ, ತೆಲುಗಿನಲ್ಲೂ ಪಾಚಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ಇದನ್ನು ಹಸಿರು, ಪಚ್ಚೆಗಳ ಮನೆಗೇ ಸೇರಿಸುತ್ತದೆ. ಅಂದರೆ ಪಾಚಿ ಎಂದರೆ ಮೂಲದಲ್ಲಿ 'ಹಸಿರಾದದ್ದು', ಅಷ್ಟೇ. ಅದರಲ್ಲಿ ಕೊಳಕಿನ ಮಾತೇ ಇಲ್ಲ. 'ಪಾಚಿಗಟ್ಟಿದ ಹಲ್ಲು' ಎನ್ನುವಾಗಿನ ಅಸಹ್ಯ ನಾವು ಆಮೇಲೆ ಮೆತ್ತಿದ್ದು :)

ಅಮ್ಮನ 'ಹಾವಸೆ'? ಹಳಗನ್ನಡದಲ್ಲಿ ಅದು 'ಪಾವಸೆ'. ಪಾಲ್ ಹಾಲಾದಂತೆ, ಪೂ ಹೂವಾದಂತೆ ಪಾವಸೆ ಹಾವಸೆಯಾಯಿತು. ವಚನಕಾರರು ಜಾರುವ ಕಲ್ಲಿಗೆ 'ಹಾವಸೆಗಲ್ಲು' ಎಂದರು. ನೋಡಿ, ಅಲ್ಲೂ ಕಲ್ಲು 'ಗಲ್ಲು' ಆಗಿದೆ! ಪಾಚಿ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ.

ಹಾಗಾದರೆ ಅಮ್ಮ ಹೇಳಿದ್ದು ತಪ್ಪಲ್ಲ. ನೂರಾರು ವರ್ಷ ಕಾಲು ಜಾರದಂತೆ ಎಚ್ಚರಿಸಿದ ಪದ ಅದು. ಮಗನಿಗೆ ಅದನ್ನು ದಾಟಿಸದಿದ್ದವನು ನಾನು. ಬೆಂಗಳೂರಿನ ಮನೆಯಲ್ಲಿ ಆ ಮಾತು ಆಡುವ ಸಂದರ್ಭವೇ ಬರಲಿಲ್ಲ ಅನ್ನುವುದು ನೆಪ.

ಪ್ಲಾಸ್ಟರ್ ಬಿಚ್ಚಿದ ದಿನ ಫೋನಿನಲ್ಲಿ ಅಮ್ಮ ಅಂದರು, "ಇನ್ನು ನಾನೂ ಪಾಚಿ ಅಂತಲೇ ಹೇಳ್ತೇನೆ ಪುಟ್ಟ." ಅವನು, "ಬೇಡ ಅಜ್ಜಿ, ಹಾವಸೆ ಗೊತ್ತಾಯ್ತು ಈಗ" ಅಂದ.

ನಿಮ್ಮೂರಲ್ಲಿ ಇದಕ್ಕೆ ಏನಂತೀರಿ? ಮಕ್ಕಳಿಗೆ ಹೇಳಿದ್ದೀರಾ?